ಹೊಳೆಯುವ ಕಿರೀಟಕ್ಕೆ ಯಾವ ದೀಪ, ಯಾವ ಬ್ಯಾಟರಿ? ಕಾರವಾರ–ಶಿರಸಿ ಕಡೆಯ ಮಳೆ, ಬೆವರು ಲೆಕ್ಕಕ್ಕೆ ಹಿಡಿದು ಒಂದು ಹೋಲಿಕೆ

ಆಗಸ್ಟ್ 15ರ ಛದ್ಮವೇಷ, ಅದರ ಹಿಂದೆಮುಂದೆಯೇ ಕೃಷ್ಣಾಷ್ಟಮಿ, ಚೌತಿ, ಆಮೇಲೆ ನವರಾತ್ರಿ. ಕಾರವಾರದಿಂದ ಭಟ್ಕಳದವರೆಗೆ, ಘಟ್ಟದ ಮೇಲೆ ಶಿರಸಿ–ಸಿದ್ದಾಪುರದಲ್ಲೂ, ಮಗುವಿನ ಕಿರೀಟಕ್ಕೋ ದೇವಿಯ ಪ್ರಭಾವಳಿಗೋ ಹುಲಿಯ ಕಣ್ಣಿಗೋ ಲೈಟ್ ಕೂರಿಸುವ ಕೆಲಸ ಈ ಎರಡು ಮೂರು ತಿಂಗಳಲ್ಲೇ ಹೆಚ್ಚು. ಸಾಮಾನ್ಯವಾಗಿ ಮೊದಲು ಅಂಗಡಿಗೆ ಹೋಗಿ ಚೆಂದ ಕಂಡ ಲೈಟ್ ತರುತ್ತಾರೆ. ಆಮೇಲೆ ಅದಕ್ಕೆ ಹೊಂದುವ ಬ್ಯಾಟರಿ ಹುಡುಕುತ್ತಾರೆ. ಕೊನೆಗೆ ಆ ಬ್ಯಾಟರಿಯನ್ನು ಕಿರೀಟದ ಹಿಂದೆ ಎಲ್ಲೋ ಒಂದು ಕಡೆ ಟೇಪಿನಲ್ಲಿ ಸುತ್ತುತ್ತಾರೆ. ವೇದಿಕೆ ಹತ್ತುವ ಹೊತ್ತಿಗೆ ಕಿರೀಟ ಹಿಂದಕ್ಕೆ ವಾಲಿರುತ್ತದೆ, ತಂತಿ ಬಿಟ್ಟಿರುತ್ತದೆ, ಮಗು ಅಳುತ್ತಿರುತ್ತದೆ. ಈ ಕ್ರಮವನ್ನೇ ತಿರುಗಿಸಬೇಕು. ಬ್ಯಾಟರಿ ಮೈಮೇಲೆ ಎಲ್ಲಿ ಕೂರುತ್ತದೆ ಎಂಬುದು ಮೊದಲು, ಅದು ಎಷ್ಟು ವೋಲ್ಟ್ ಕೊಡುತ್ತದೆ ಎಂಬುದು ಎರಡನೆಯದು, ದೀಪ ಕೊನೆಯದು. ಕೆಳಗಿನ ಹೋಲಿಕೆಯೂ ಅದೇ ಕ್ರಮದಲ್ಲಿದೆ.

ಅದಕ್ಕೂ ಮೊದಲು ಒಂದು ಮಾತು. ಹಬ್ಬಕ್ಕೆ ಮನೆ ಮುಂದೆ ಇಳಿಬಿಡುವ 230 ವೋಲ್ಟಿನ ಸೀರಿಯಲ್ ಸೆಟ್ಟನ್ನು ಯಾವ ಕಾರಣಕ್ಕೂ ಮೈಮೇಲೆ ಹಾಕಬೇಡಿ. ಅಗ್ಗದ ಸೆಟ್ಟುಗಳಲ್ಲಿ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ, ಎಲ್‌ಇಡಿಗಳು ಸಾಲಾಗಿ ಮನೆಯ ಕರೆಂಟಿಗೇ ಸೇರಿರುತ್ತವೆ. ಬಲ್ಬಿನ ಕಾಲನ್ನು ಮುಟ್ಟುವುದೂ ಪ್ಲಗ್ಗಿನ ಪಿನ್ನನ್ನು ಮುಟ್ಟುವುದೂ ಒಂದೇ. ಚಿಕ್ಕದಾಗಿ ಕತ್ತರಿಸಿ ಬಳಸುವುದು, "ಐದು ನಿಮಿಷ ತಾನೇ" ಎಂದು ವೈರ್ ಎಳೆದು ವೇದಿಕೆಯ ಮೇಲೆ ನಿಲ್ಲಿಸುವುದು ಯಾವುದೂ ಬೇಡ. ಮಳೆಗಾಲದ ಒದ್ದೆ ನೆಲ, ಬರಿಗಾಲು, ಬೆವರಿದ ಮೈ ಸೇರಿದರೆ ಇದು ಜೀವಕ್ಕೇ ಕುತ್ತು.

ಹಗಲೋ ರಾತ್ರಿಯೋ, ನಿಲ್ಲುವುದೋ ಕುಣಿಯುವುದೋ

ಶಾಲೆಯ ಛದ್ಮವೇಷ ಬೆಳಗಿನ ಹೊತ್ತು ಬಯಲಲ್ಲಿ ನಡೆಯುವುದಾದರೆ ಲೈಟಿಗೆ ಹೆಚ್ಚು ಹಣ ಸುರಿಯಬೇಡಿ. ಮೋಡ ಕವಿದ ದಿನವೂ ಬಯಲ ಬೆಳಕಿನ ಮುಂದೆ ಸಣ್ಣ ಎಲ್‌ಇಡಿ ಕಾಣುವುದು ಹತ್ತು ಅಡಿ ದೂರದವರೆಗೆ ಮಾತ್ರ. ಅಂಥಲ್ಲಿ ಬಣ್ಣದ ಕಾಗದ, ಕನ್ನಡಿ ಚೂರು, ಬೇಗಡೆ ಹೆಚ್ಚು ಕೆಲಸ ಮಾಡುತ್ತವೆ. ಸಭಾಭವನದೊಳಗೆ ಪರದೆ ಎಳೆದು ಮಾಡುವ ಕಾರ್ಯಕ್ರಮ, ಸಂಜೆಯ ವಿಸರ್ಜನೆ ಮೆರವಣಿಗೆ, ರಾತ್ರಿಯ ಹುಲಿವೇಷ: ಇವು ದೀಪದ ಜಾಗ.

ಎರಡನೆಯ ಲೆಕ್ಕ ಹೊತ್ತಿನದು. ವೇದಿಕೆಯ ಮೇಲೆ ಎರಡು ನಿಮಿಷ ಎಂದು ಎಣಿಸಬೇಡಿ. ಮೇಕಪ್ ಮುಗಿದು ಸರದಿ ಬರುವವರೆಗೆ ಮಕ್ಕಳು ಸ್ವಿಚ್ ಹಾಕಿಯೇ ಇರುತ್ತಾರೆ. ಛದ್ಮವೇಷಕ್ಕೆ 3 ಗಂಟೆ, ಮೆರವಣಿಗೆಗೆ 6 ಗಂಟೆ ಎಂದು ಹಿಡಿಯಿರಿ. ಮೂರನೆಯದು ಚಲನೆ. ಸುಮ್ಮನೆ ನಿಲ್ಲುವ ಸರಸ್ವತಿಗೆ ಸಾಕಾಗುವ ಜೋಡಣೆ ಕುಣಿಯುವ ಹುಲಿಗೆ ಹತ್ತು ನಿಮಿಷವೂ ತಾಳುವುದಿಲ್ಲ.

ಬ್ಯಾಟರಿ: ತೂಕ, ಜಾಗ, ಅಪಾಯ

ಡಬಲ್ ಎ ಪೆನ್ಸಿಲ್ ಸೆಲ್, ಆಲ್ಕಲೈನ್ ಆದರೆ, ಸುಮಾರು 23 ಗ್ರಾಂ. ಚಾರ್ಜ್ ಮಾಡಬಲ್ಲ ನಿಕ್ಕಲ್ ಸೆಲ್ 27ರಿಂದ 30 ಗ್ರಾಂ. 18650 ಎಂಬ ಅಳತೆಯ ದಪ್ಪ ಲಿಥಿಯಂ ಸೆಲ್ 45ರಿಂದ 48. ಚೌಕದ 9 ವೋಲ್ಟ್ ಬ್ಯಾಟರಿಯೂ ಸುಮಾರು 45. 10,000 ಎಂಎಎಚ್ (ಎಷ್ಟು ಚಾರ್ಜ್ ಹಿಡಿಯುತ್ತದೆ ಎಂಬ ಅಳತೆ) ಪವರ್ ಬ್ಯಾಂಕ್ ಸಾಮಾನ್ಯವಾಗಿ 200 ಗ್ರಾಂ ಆಸುಪಾಸು. ಹತ್ತು ವರ್ಷದೊಳಗಿನ ಮಗುವಿನ ತಲೆಯ ಮೇಲೆ ಕಿರೀಟ, ಲೈಟ್ ಎಲ್ಲ ಸೇರಿ 250 ಗ್ರಾಂ ದಾಟಬಾರದು ಎಂಬುದು ನಾವು ಇಟ್ಟುಕೊಳ್ಳುವ ಮಿತಿ. ಹಾಗಾಗಿ ಬ್ಯಾಟರಿ ತಲೆಯ ಮೇಲೆ ಬೇಡ. ಸೊಂಟಕ್ಕೆ, ಪಂಚೆಯ ಅಥವಾ ಚಡ್ಡಿಯ ಪಟ್ಟಿಗೆ, ಬೆನ್ನ ಕಡೆಯಿಂದ ಇಳಿಯುವ ಎರಡೆಳೆ ವೈರಿನ ತುದಿಯಲ್ಲಿ ಇರಲಿ.

ಮೂರು ಪೆನ್ಸಿಲ್ ಸೆಲ್ಲಿನ ಡಬ್ಬಿ, ಅಂದರೆ 4.5 ವೋಲ್ಟ್, ಮನೆಯಲ್ಲಿ ಮೊದಲ ಸಲ ಕಟ್ಟುವವರಿಗೆ ಎಲ್ಲಕ್ಕಿಂತ ಒಳ್ಳೆಯ ಆಯ್ಕೆ. ಸೆಲ್ ಎಲ್ಲ ಊರಿನ ಕಿರಾಣಿ ಅಂಗಡಿಯಲ್ಲೂ ಸಿಗುತ್ತದೆ, ಶಾರ್ಟ್ ಆದರೂ ಬೆಂಕಿ ಹತ್ತುವ ಭಯ ಲಿಥಿಯಂನಷ್ಟಿಲ್ಲ. ಆದರೆ ಗೋಡೆ ಗಡಿಯಾರಕ್ಕೆ ಹಾಕುವ ಅಗ್ಗದ ಕಾರ್ಬನ್–ಸತುವಿನ ಸೆಲ್ ತರಬೇಡಿ. ಹೆಚ್ಚು ಕರೆಂಟ್ ಎಳೆದ ಕೂಡಲೇ ಅದರ ವೋಲ್ಟೇಜ್ ಕುಸಿಯುತ್ತದೆ. ಮೊದಲ ಹತ್ತು ನಿಮಿಷ ಜಗಮಗ, ಆಮೇಲೆ ಮಂಕು. ಪೊಟ್ಟಣದ ಮೇಲೆ ಆಲ್ಕಲೈನ್ ಎಂದು ಬರೆದಿರಬೇಕು.

ನಾಣ್ಯದಂಥ ಸಿಆರ್ 2032 ಸೆಲ್ ಬರೀ 3 ಗ್ರಾಂ, ಅದಕ್ಕೇ ಹಗುರ ಲೈಟುಗಳ ಜೊತೆ ಎರಡೆರಡು ಬರುತ್ತವೆ. ಮಕ್ಕಳ ಉಡುಪಿಗೆ ಇದನ್ನು ನಾವು ಒಪ್ಪುವುದಿಲ್ಲ. ಮಗು ನುಂಗಿ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೇ ಒಳಗೆ ಸುಟ್ಟ ಗಾಯ ಆಗಬಲ್ಲದು. ಅಂಥದ್ದಾದರೆ ವಾಂತಿ ಮಾಡಿಸುತ್ತ ಕೂರದೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಮನೆಯಲ್ಲಿ ಪುಟ್ಟ ತಮ್ಮನೋ ತಂಗಿಯೋ ಇದ್ದರೆ ಈ ಮಾತಿಗೆ ಇನ್ನೂ ತೂಕ. ದೊಡ್ಡವರು ಬಳಸುವುದಾದರೂ ಸ್ಕ್ರೂ ಹಾಕಿ ಮುಚ್ಚುವ ಡಬ್ಬಿಯದ್ದೇ ಇರಲಿ.

ಪವರ್ ಬ್ಯಾಂಕ್ ಎಲ್ಲರ ಮನೆಯಲ್ಲೂ ಇದೆ, 5 ವೋಲ್ಟ್ ಸ್ಥಿರವಾಗಿ ಕೊಡುತ್ತದೆ, ಶಾರ್ಟ್ ಆದರೆ ತಾನೇ ನಿಲ್ಲುತ್ತದೆ. ಮೆರವಣಿಗೆಗೆ ಇದೇ ಸರಿ. 10,000 ಎಂಎಎಚ್ ಎಂಬ ಸಂಖ್ಯೆ ಒಳಗಿನ 3.7 ವೋಲ್ಟ್ ಸೆಲ್ಲಿನದ್ದು. 5 ವೋಲ್ಟಿನಲ್ಲಿ ಕೈಗೆ ಸಿಗುವುದು 6,000–6,500 ಮಾತ್ರ. ಅರ್ಧ ಆಂಪ್ ಎಳೆಯುವ ಲೈಟಿಗೆ ಅದೇ 12 ಗಂಟೆ ಬಂತು, ಧಾರಾಳ. ಇದರಲ್ಲಿ ಬಹಳ ಜನ ಎಡವುವ ಜಾಗ ಬೇರೆಯೇ ಇದೆ: ಎಳೆಯುವ ಕರೆಂಟ್ ತೀರಾ ಕಡಿಮೆ ಇದ್ದರೆ, ಸಾಮಾನ್ಯವಾಗಿ 50–100 ಮಿಲಿಆಂಪ್‌ಗಿಂತ ಕೆಳಗೆ, "ಮೊಬೈಲ್ ಚಾರ್ಜ್ ಮುಗಿಯಿತು" ಎಂದು ತಿಳಿದು ಪವರ್ ಬ್ಯಾಂಕ್ ಅರ್ಧ ನಿಮಿಷದಲ್ಲಿ ಆಫ್ ಆಗುತ್ತದೆ. ಲೈಟ್ ಕೆಟ್ಟಿತೆಂದು ವೈರ್ ಬಿಚ್ಚಲು ಹೋಗಬೇಡಿ. ಇನ್ನೊಂದು ಲೈಟ್ ಸರ ಜೊತೆಗೆ ಸೇರಿಸಿ, ಇಲ್ಲವೇ 47 ಓಮ್, 1 ವ್ಯಾಟ್ ರೆಸಿಸ್ಟರ್ (ಕರೆಂಟ್ ತಡೆಯುವ ಪುಟ್ಟ ಬಿಡಿಭಾಗ) ಒಂದನ್ನು 5 ವೋಲ್ಟಿನ ಪ್ಲಸ್–ಮೈನಸ್ ನಡುವೆ ಹಾಕಿ. ಅದು ಸುಮಾರು 106 ಮಿಲಿಆಂಪ್ ಎಳೆದು ಪವರ್ ಬ್ಯಾಂಕನ್ನು ಎಚ್ಚರ ಇಡುತ್ತದೆ. ಬಿಸಿಯಾಗುತ್ತದೆ, ಆದ್ದರಿಂದ ಬಟ್ಟೆಗೂ ಫೋಮಿಗೂ ತಾಗದಂತೆ ಕೂರಿಸಿ.

18650 ಸೆಲ್ ಹಗುರ, ಶಕ್ತಿವಂತ, ಅಷ್ಟೇ ಮುನಿಯುವಂಥದ್ದು. ಒಳ್ಳೆಯ ಸೆಲ್ಲಿನ ನಿಜವಾದ ಸಾಮರ್ಥ್ಯ 2,500–3,500 ಎಂಎಎಚ್. 9,900 ಎಂದು ಅಚ್ಚು ಹಾಕಿದ್ದು ಸುಳ್ಳು, ಕೊಳ್ಳಬೇಡಿ. ಸೆಲ್ಲಿನ ಮೈಗೆ ನೇರ ಸೋಲ್ಡರ್ (ಬೆಸುಗೆ) ಹಿಡಿಯಬಾರದು, ಹೋಲ್ಡರ್ ಬಳಸಬೇಕು, ರಕ್ಷಣಾ ಸರ್ಕ್ಯೂಟ್ ಇರಲೇಬೇಕು. ಎಲೆಕ್ಟ್ರಾನಿಕ್ಸ್ ಅಭ್ಯಾಸ ಇರುವ ದೊಡ್ಡವರ ಉಡುಪಿಗೆ ಸರಿ, ಮಕ್ಕಳ ಮೈಗೆ ಬೇಡ. 9 ವೋಲ್ಟಿನ ಚೌಕ ಬ್ಯಾಟರಿಯನ್ನು ಪಟ್ಟಿಯಿಂದಲೇ ಬಿಡಿ: ಒಳಗೆ ಸುಮಾರು 500 ಎಂಎಎಚ್, ಹೆಚ್ಚು ಕರೆಂಟ್ ಕೊಡಲಾರದು, ದುಡ್ಡೂ ಜಾಸ್ತಿ.

ದೀಪಗಳ ಹೋಲಿಕೆ

ತಾಮ್ರದ ತಂತಿಯ ಸಣ್ಣ ಲೈಟ್ ಸರ, ಫೇರಿ ಲೈಟ್ ಎಂದು ಮಾರುವುದು, ಕಿರೀಟದ ಕೆಲಸಕ್ಕೆ ನಮ್ಮ ಮೊದಲ ಆಯ್ಕೆ. 2 ಮೀಟರಿನಲ್ಲಿ 20 ಬಲ್ಬು, ತೂಕ ಇಲ್ಲವೆನ್ನುವಷ್ಟು ಕಡಿಮೆ, ಬೇಕಾದ ಆಕಾರಕ್ಕೆ ಬಾಗುತ್ತದೆ. ಮೂರು ಆಲ್ಕಲೈನ್ ಸೆಲ್ಲಿನಲ್ಲಿ ಒಂದು ಇಡೀ ರಾತ್ರಿ ಆರಾಮ ಉರಿಯುತ್ತದೆ. ಮೊಬೈಲ್ ಬಿಡಿಭಾಗದ ಅಂಗಡಿ, ಫ್ಯಾನ್ಸಿ ಸ್ಟೋರುಗಳಲ್ಲೂ ಸಿಗುತ್ತದೆ. ಇದರಲ್ಲಿ ನಾಲ್ಕು ಬಗೆ ಇದೆ, ಹೊರಗೆ ಒಂದೇ ತೆರನಾಗಿ ಕಾಣುತ್ತವೆ, ಅಲ್ಲೇ ಜನ ಮೋಸ ಹೋಗುವುದು.

ಸೆಲ್ ಡಬ್ಬಿಯ ಬಗೆಯಲ್ಲಿ ಕರೆಂಟ್ ತಡೆಯುವ ರೆಸಿಸ್ಟರ್ ಎಷ್ಟೋ ಸಲ ಡಬ್ಬಿಯೊಳಗೇ ಇರುತ್ತದೆ. ಯುಎಸ್‌ಬಿ ಬಗೆಯಲ್ಲಿ ಪ್ಲಗ್ಗಿನ ಪ್ಲಾಸ್ಟಿಕ್ಕಿನೊಳಗೆ. ಡಬ್ಬಿ ಕತ್ತರಿಸಿ ಸರವನ್ನು ನೇರ ಪವರ್ ಬ್ಯಾಂಕಿಗೆ ಸೇರಿಸಿದರೆ ಕಣ್ಣು ಕುಕ್ಕುವಂತೆ ಉರಿದು, ಬಿಸಿಯಾಗಿ, ಒಂದೊಂದೇ ಬಲ್ಬು ಸಾಯುತ್ತದೆ. ಕತ್ತರಿಸುವುದಾದರೆ ಡಬ್ಬಿ ತೆರೆದು ರೆಸಿಸ್ಟರ್ ಎಲ್ಲಿದೆ ನೋಡಿ, ಅದನ್ನು ಉಳಿಸಿಕೊಂಡೇ ಮುಂದಿನ ವೈರನ್ನು ಉದ್ದ ಮಾಡಿ. ನಾಣ್ಯ ಸೆಲ್ಲಿನ ಬಗೆಯಲ್ಲಿ ಎರಡು ಸೆಲ್ ಸೇರಿ 6 ವೋಲ್ಟ್ ಇದ್ದರೂ ಆ ಸೆಲ್ಲಿಗೆ ಹೆಚ್ಚು ಕರೆಂಟ್ ಕೊಡಲು ಆಗದ್ದರಿಂದ ಬಲ್ಬು ಬದುಕಿರುತ್ತದೆ. ಅದೇ 6 ವೋಲ್ಟನ್ನು ನಾಲ್ಕು ಪೆನ್ಸಿಲ್ ಸೆಲ್ಲಿನಿಂದ ಕೊಟ್ಟರೆ ಸುಡುತ್ತದೆ. ಮೂರು ಸೆಲ್ ಸಾಕು. ನಾಲ್ಕನೆಯದು ರಿಮೋಟ್ ಇರುವ, ಎಂಟು ಬಗೆಯಲ್ಲಿ ಮಿನುಗುವ ಸರ. ಇದರಲ್ಲಿ ಎಷ್ಟೋ ಸಲ ಅರ್ಧ ಬಲ್ಬುಗಳು ಉಲ್ಟಾ ಜೋಡಿಸಿರುತ್ತವೆ, ನಿಯಂತ್ರಕ ಪ್ಲಸ್–ಮೈನಸ್ ತಿರುಗಿಸುತ್ತ ಎರಡು ಗುಂಪನ್ನೂ ಉರಿಸುತ್ತದೆ. ನಿಯಂತ್ರಕ ತೆಗೆದು ನೇರ ಸೆಲ್ಲಿಗೆ ಕೊಟ್ಟಾಗ ಅರ್ಧವಷ್ಟೇ ಹತ್ತಿದರೆ ಸರ ಕೆಟ್ಟಿಲ್ಲ, ಅದರ ಗುಣವೇ ಹಾಗೆ.

ಇದರ ದೌರ್ಬಲ್ಯ ಒಂದೇ: ತಂತಿ ಸಣ್ಣದು. ಒಂದೇ ಜಾಗದಲ್ಲಿ ಮತ್ತೆ ಮತ್ತೆ ಬಗ್ಗಿದರೆ ತುಂಡಾಗುತ್ತದೆ. ತೋಳು, ಮೊಣಕೈ, ಬಾಗುವ ಯಾವ ಭಾಗಕ್ಕೂ ಇದು ಬೇಡ; ಗಟ್ಟಿ ಕೂರುವ ಕಿರೀಟ, ಎದೆಪದಕ, ಪ್ರಭಾವಳಿಗೆ ಸರಿ.

ಬಿಡಿ 5 ಮಿಲಿಮೀಟರ್ ಎಲ್‌ಇಡಿ ಹುಲಿಯ ಕಣ್ಣು, ತ್ರಿಶೂಲದ ತುದಿ, ಹಣೆಗಣ್ಣಿನಂಥ ಒಂದೆರಡು ಬಿಂದುವಿಗೆ ಚೆನ್ನ. ಕೆಂಪು, ಹಳದಿ ಸುಮಾರು 2 ವೋಲ್ಟಿಗೆ ಉರಿಯುತ್ತವೆ. ಬಿಳಿ, ನೀಲಿಗೆ 3.2ರ ಹತ್ತಿರ ಬೇಕು. ಹುಲಿಗೆ ಎರಡು ಕೆಂಪು ಎಲ್‌ಇಡಿ, ಪ್ರತಿಯೊಂದಕ್ಕೂ ಒಂದೊಂದು 100 ಓಮ್ ರೆಸಿಸ್ಟರ್, ಎರಡು ಪೆನ್ಸಿಲ್ ಸೆಲ್: ಒಂದೊಂದರಲ್ಲಿ 10 ಮಿಲಿಆಂಪ್ ಹರಿಯುತ್ತದೆ, ಹಬ್ಬ ಮುಗಿದರೂ ಸೆಲ್ ಮುಗಿಯುವುದಿಲ್ಲ. ಇದೇ ಎರಡು ಸೆಲ್ಲಿಗೆ ಬಿಳಿ ಎಲ್‌ಇಡಿ ಹಾಕಿದರೆ ಹತ್ತಿದಂತೆ ಮಾಡಿ ಮಂಕಾಗುತ್ತದೆ. ಮೂರು ಸೆಲ್, ಅದೇ 100 ಓಮ್ ಹಾಕಿ. ಎರಡು ಎಲ್‌ಇಡಿಗೆ ಒಂದೇ ರೆಸಿಸ್ಟರ್ ಹಂಚಬೇಡಿ, ಒಂದು ಕಣ್ಣು ಪ್ರಖರ, ಇನ್ನೊಂದು ಮಂಕು ಆಗುತ್ತದೆ. ಮುಖವಾಡದೊಳಗೆ ಎಲ್‌ಇಡಿಯ ಬೆನ್ನಿಗೆ ಕಪ್ಪು ಟೇಪ್ ಸುತ್ತಿ, ಇಲ್ಲದಿದ್ದರೆ ಹಾಕಿದವರ ಕಣ್ಣಿಗೇ ಬೆಳಕು ಹೊಡೆದು ಮೆಟ್ಟಿಲು ಕಾಣುವುದಿಲ್ಲ.

12 ವೋಲ್ಟಿನ ಸ್ಟ್ರಿಪ್ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸುಲಭಕ್ಕೆ ಸಿಗುವುದರಿಂದಲೇ ಹೆಚ್ಚು ಜನ ಅದನ್ನು ತರುತ್ತಾರೆ. ಮನೆಯ ಫಾಲ್ಸ್ ಸೀಲಿಂಗಿಗೆ ಅದು ಒಳ್ಳೆಯದು, ಮೈಮೇಲೆ ಅಲ್ಲ. 12 ವೋಲ್ಟಿಗೆ ಎಂಟು ಪೆನ್ಸಿಲ್ ಸೆಲ್ ಬೇಕು, ಅಷ್ಟಕ್ಕೇ 180 ಗ್ರಾಂ ದಾಟುತ್ತದೆ. ಮೂರು ಮೂರು ಎಲ್‌ಇಡಿ ಸಾಲಾಗಿರುವುದರಿಂದ ಕತ್ತರಿ ಗುರುತು ಇರುವಲ್ಲಿ ಮಾತ್ರ ಕತ್ತರಿಸಬೇಕು. ಅದರ ಬದಲು 5 ವೋಲ್ಟಿನ ಯುಎಸ್‌ಬಿ ಸ್ಟ್ರಿಪ್, ಟಿವಿ ಹಿಂದೆ ಅಂಟಿಸುವಂಥದ್ದು, ತನ್ನಿ: ಪವರ್ ಬ್ಯಾಂಕಿಗೆ ನೇರ ಸೇರುತ್ತದೆ, ಬೆಳಕು ದಟ್ಟ, ಪ್ರಭಾವಳಿಯ ಅಂಚಿಗೆ ಬಹಳ ಚೆನ್ನಾಗಿ ಕಾಣುತ್ತದೆ. ಸ್ಟ್ರಿಪ್ ಚಪ್ಪಟೆ ಬದಿಗೆ ಬಾಗುತ್ತದೆ, ಅಡ್ಡಕ್ಕೆ ಬಾಗುವುದಿಲ್ಲ. ಬಲವಂತ ಮಾಡಿದರೆ ಒಳಗಿನ ತಾಮ್ರ ಸೀಳುತ್ತದೆ. ಅದರ ಹಿಂದಿನ ಅಂಟು ಕರಾವಳಿಯ ತೇವಕ್ಕೆ ಎದ್ದು ಬರುತ್ತದೆ, ಪ್ರತಿ 10 ಸೆಂಟಿಮೀಟರಿಗೆ ಒಂದು ಹೊಲಿಗೆ ಹಾಕಿ.

ಒಂದೊಂದು ಬಲ್ಬಿನ ಬಣ್ಣವನ್ನೂ ಬೇರೆ ಬೇರೆ ಮಾಡಬಲ್ಲ ಡಬ್ಲ್ಯುಎಸ್ 2812ಬಿ ಸ್ಟ್ರಿಪ್ ಈ ಎಲ್ಲಕ್ಕಿಂತ ಮೇಲಿನದ್ದು. ತಿರುಗುವ ಸುದರ್ಶನ ಚಕ್ರ, ಉರಿಯುವಂತೆ ಕಾಣುವ ಪ್ರಭಾವಳಿ ಬೇಕಾದರೆ ಬೇರೆ ದಾರಿಯಿಲ್ಲ. ಇದಕ್ಕೆ ಪ್ರೋಗ್ರಾಂ ಹಾಕಬಲ್ಲ ಪುಟ್ಟ ನಿಯಂತ್ರಕ, ಅಂದರೆ ಆರ್ಡುಯಿನೋ ನ್ಯಾನೋ ಅಥವಾ ಇಎಸ್‌ಪಿ 32 ಬೋರ್ಡು, ಸ್ವಲ್ಪ ಪ್ರೋಗ್ರಾಂ, ಸೋಲ್ಡರ್ ಕೈ ಬೇಕು. ಇಎಸ್‌ಪಿ ಬೋರ್ಡಿಗೆ ಡಬ್ಲ್ಯುಎಲ್‌ಇಡಿ ಎಂಬ ಉಚಿತ ತಂತ್ರಾಂಶ ಹಾಕಿದರೆ ಮೊಬೈಲಿನಿಂದಲೇ ಬಣ್ಣ, ವೇಗ ಬದಲಿಸಬಹುದು. ಬಿಡಿಭಾಗ ನಮ್ಮ ಕಡೆಯ ಸಾಮಾನ್ಯ ಅಂಗಡಿಗಳಲ್ಲಿ ಸಿಗುವುದು ಕಷ್ಟ. ಆನ್‌ಲೈನಿನಲ್ಲಿ ತರಿಸಿ ಇಲ್ಲವೇ ಹುಬ್ಬಳ್ಳಿಗೆ ಹೋಗುವವರ ಹತ್ತಿರ ಹೇಳಿ ಕಳಿಸಿ. ಮಳೆಗಾಲದಲ್ಲಿ ಘಟ್ಟದ ರಸ್ತೆಯನ್ನು ನಂಬಿ ಕೊನೆಯ ವಾರಕ್ಕೆ ಬಿಡಬೇಡಿ.

ಇದರ ಲೆಕ್ಕ ಸ್ಪಷ್ಟ ಇರಲಿ. ಪೂರ್ತಿ ಬಿಳಿ ಉರಿದರೆ ಒಂದು ಬಲ್ಬಿಗೆ 60 ಮಿಲಿಆಂಪ್, 30 ಬಲ್ಬಿಗೆ 1.8 ಆಂಪ್. ಕತ್ತಲಲ್ಲಿ ಅಷ್ಟು ಬೆಳಕು ನೋಡುವವರಿಗೆ ಹಿಂಸೆ. ಪ್ರೋಗ್ರಾಮಿನಲ್ಲೇ 25 ಶೇಕಡಾಕ್ಕೆ ಇಳಿಸಿದರೆ ಅರ್ಧ ಆಂಪ್ ಒಳಗೆ ಮುಗಿಯುತ್ತದೆ. ಸ್ಟ್ರಿಪ್ಪಿನ ಮೇಲಿನ ಬಾಣದ ದಿಕ್ಕಿಗೇ ಸಂಕೇತ ಹರಿಯುತ್ತದೆ. ಬೋರ್ಡನ್ನು ತಪ್ಪು ತುದಿಗೆ ಬೆಸೆದರೆ ಏನೂ ಹತ್ತುವುದಿಲ್ಲ. ಬೋರ್ಡಿನ ಮತ್ತು ಸ್ಟ್ರಿಪ್ಪಿನ ಮೈನಸ್ ಸೇರಿರಲೇಬೇಕು, ಇಲ್ಲದಿದ್ದರೆ ಹುಚ್ಚುಚ್ಚಾಗಿ ಮಿನುಗುತ್ತದೆ. ಸಂಕೇತದ ವೈರಿನಲ್ಲಿ 330ರಿಂದ 470 ಓಮ್ ರೆಸಿಸ್ಟರ್, ಪವರಿನ ಪ್ಲಸ್–ಮೈನಸ್ ನಡುವೆ 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿ. ಇವಿಲ್ಲದೆ ಸ್ವಿಚ್ ಹಾಕಿದಾಗ ಸಾಯುವುದು ಸಾಮಾನ್ಯವಾಗಿ ಮೊದಲ ಬಲ್ಬು. ಅದು ಸತ್ತರೆ ಅದರ ನಂತರದವು ಚೆನ್ನಾಗಿದ್ದರೂ ಇಡೀ ಸಾಲು ಕತ್ತಲೆ. ಹೊಸ ಆಲ್ಕಲೈನ್ ಸೆಲ್ ನಾಲ್ಕು ಹಾಕಿದರೆ 6 ವೋಲ್ಟ್ ಮೀರುತ್ತದೆ, ಸ್ಟ್ರಿಪ್ಪಿನ ಮಿತಿ 5.3. ನಾಲ್ಕು ನಿಕ್ಕಲ್ ಸೆಲ್ಲಾದರೆ ಭಾರ ಬಿದ್ದ ಕೂಡಲೇ 5ರ ಹತ್ತಿರ ನಿಲ್ಲುತ್ತದೆ, ಅದು ಸರಿ. ಬಿಳಿ ಬಣ್ಣ ಸ್ಟ್ರಿಪ್ಪಿನ ತುದಿಯಲ್ಲಿ ಹಳದಿಗೆ ತಿರುಗಿದರೆ ಅಲ್ಲಿಗೆ ವೋಲ್ಟೇಜ್ ಸಾಲುತ್ತಿಲ್ಲ ಎಂದರ್ಥ, ಮೊದಲು ಸೋಲುವುದು ನೀಲಿ. ಬೆಳಕು ತಗ್ಗಿಸಿ, ಇಲ್ಲವೇ ತುದಿಗೂ ಒಂದು ಜೋಡಿ ಪವರ್ ವೈರ್ ಒಯ್ಯಿರಿ.

ಇಎಲ್ ವೈರ್, ಅಂದರೆ ಉದ್ದಕ್ಕೂ ಒಂದೇ ಸಮ ಹೊಳೆಯುವ ದಾರದಂಥ ತಂತಿ, ನೋಡಲು ಸೊಗಸು. ಆದರೆ ಅದರ ಪುಟ್ಟ ಇನ್ವರ್ಟರ್ ಸೆಲ್ಲಿನ ಕರೆಂಟನ್ನು ಸುಮಾರು 100 ವೋಲ್ಟ್ ಏಸಿಗೆ ಏರಿಸುತ್ತದೆ. ಕತ್ತರಿಸಿದ ತುದಿ ಬೆವರಿಗೆ ಒದ್ದೆಯಾದರೆ ಚುರ್ರೆನ್ನುತ್ತದೆ, ಇನ್ವರ್ಟರ್ ಕೀಚಲು ದನಿ ಮಾಡುತ್ತದೆ, ಬೆಳಕೂ ಕಡಿಮೆ. ಕರಾವಳಿಯ ಸೆಕೆಗೆ ನಾವು ಇದನ್ನು ಹೇಳುವುದಿಲ್ಲ.

ಕಿರೀಟದ ಮೈ: ಫೋಮ್, ರಟ್ಟು, ಥರ್ಮೋಕೋಲ್, ಬೆಂಡು

ರಟ್ಟು ಅಗ್ಗ, ಆದರೆ ಆಗಸ್ಟಿನ ಗಾಳಿಗೇ ಮೆತ್ತಗಾಗುತ್ತದೆ. ಹಿಂದಿನ ರಾತ್ರಿ ನೆಟ್ಟಗಿದ್ದ ಎಲೆ ಬೆಳಿಗ್ಗೆ ಬಾಗಿರುತ್ತದೆ. ರಟ್ಟೇ ಬಳಸುವುದಾದರೆ ಎರಡೂ ಬದಿಗೆ, ಮುಖ್ಯವಾಗಿ ಕತ್ತರಿಸಿದ ಅಂಚಿಗೆ, ವಾರ್ನಿಷ್ ಹೊಡೆಯಿರಿ. 5 ಮಿಲಿಮೀಟರ್ ಇವಿಎ ಫೋಮ್ ಶೀಟ್ ನಮ್ಮ ಆಯ್ಕೆ: ನೀರು ಹೀರುವುದಿಲ್ಲ, ಬ್ಲೇಡಿಗೆ ಸಲೀಸಾಗಿ ಕೊಯ್ಯುತ್ತದೆ, ಬಿದ್ದರೆ ಮುರಿಯುವುದಿಲ್ಲ, ಚುಚ್ಚುವುದಿಲ್ಲ.

ಥರ್ಮೋಕೋಲ್ ಹಗುರ ನಿಜ, ಆದರೆ ಅದಕ್ಕೆ ಚಪ್ಪಲಿ ಅಂಟಿಸುವ ಗಮ್ಮು ಹಾಕಿದರೆ ಕರಗಿ ಗುಂಡಿ ಬೀಳುತ್ತದೆ. ಸ್ಪ್ರೇ ಪೇಂಟೂ ಹಾಗೆಯೇ ತಿನ್ನುತ್ತದೆ, ಬಿಸಿ ಗ್ಲೂ ಗನ್ನೂ ಸುಡುತ್ತದೆ. ಬಿಳಿ ಫೆವಿಕಾಲ್ ಒಂದೇ ಅದಕ್ಕೆ ಒಗ್ಗುವುದು. ಫೋಮಿಗೆ ಇದರ ಉಲ್ಟಾ: ಬಿಳಿ ಫೆವಿಕಾಲ್ ಹಿಡಿಯುವುದಿಲ್ಲ, ಚಪ್ಪಲಿ ಗಮ್ಮು ಎರಡೂ ಬದಿಗೆ ಸವರಿ, ಕೈಗೆ ಅಂಟದಷ್ಟು ಒಣಗುವವರೆಗೆ ಬಿಟ್ಟು ಒತ್ತಿದರೆ ಮತ್ತೆ ಬಿಡುವುದಿಲ್ಲ. ಮಳೆಯ ದಿನ ಒಣಗಲು ಇಮ್ಮಡಿ ಹೊತ್ತು ಕೊಡಿ, ಕಿಟಕಿ ತೆರೆದಿರಲಿ.

ಬೆಂಡು, ಅಂದರೆ ಜೌಗಿನಲ್ಲಿ ಬೆಳೆಯುವ ಗಿಡದ ಹಗುರ ತಿರುಳು, ನಮ್ಮ ಉತ್ತರ ಕನ್ನಡ ಜಿಲ್ಲೆಯದ್ದೇ ಸಂಪತ್ತು. ಅಂಕೋಲಾ–ಕುಮಟಾದ ಹಾಲಕ್ಕಿಗಳ ಸುಗ್ಗಿ ಕುಣಿತದ ತುರಾಯಿಯ ಹೂವು, ಗುಡಿಗಾರರು ಕಟ್ಟುವ ಮದುವೆಯ ಬಾಸಿಂಗ ಇದರಿಂದಲೇ ಆಗುವುದು. ಹಾಲುಬಿಳಿ, ಗರಿಯಷ್ಟು ಹಗುರ. ತೆಳ್ಳಗೆ ಸೀಳಿದ ಪದರದ ಹಿಂದೆ ಒಂದು ಬೆಚ್ಚನೆ ಬಿಳಿ ಎಲ್‌ಇಡಿ ಇಟ್ಟರೆ ಇಡೀ ಹೂವೇ ಬೆಳಕಾಗುತ್ತದೆ. ಕಿರೀಟದ ಮೈಯನ್ನು ಬೆಂಡಿನಲ್ಲಿ ಮಾಡಲು ಹೋಗಬೇಡಿ, ಅದು ಅದುಮಿದರೆ ಮುರಿಯುತ್ತದೆ. ಫೋಮಿನ ಮೈ, ಬೆಂಡಿನ ಹೂವು: ಈ ಜೋಡಿ ಮಾರುಕಟ್ಟೆಯ ಯಾವ ಪ್ಲಾಸ್ಟಿಕ್ ಕಿರೀಟಕ್ಕಿಂತಲೂ ಚೆಂದ.

ಬೆಳಕನ್ನು ಹರಡುವುದು

ಬರಿಯ ಎಲ್‌ಇಡಿ ದೂರಕ್ಕೆ ಚುಕ್ಕೆಯಾಗಿಯೇ ಕಾಣುತ್ತದೆ. ಸಮನಾದ ಬೆಳಕು ಬೇಕಾದರೆ ಮುಂದೆ ಬಟರ್ ಪೇಪರ್ ಅಥವಾ 2 ಮಿಲಿಮೀಟರ್ ಬಿಳಿ ಫೋಮ್ ಇಡಬೇಕು, ಅದೂ ಬಲ್ಬಿಗೆ ತಾಗಿಸಿ ಅಲ್ಲ. ಎರಡು ಬಲ್ಬುಗಳ ನಡುವೆ ಎಷ್ಟು ಅಂತರವೋ ಹೆಚ್ಚುಕಡಿಮೆ ಅಷ್ಟೇ ದೂರ ಮುಂದಿಡಿ. ಮೀಟರಿಗೆ 60 ಬಲ್ಬಿನ ಸ್ಟ್ರಿಪ್ಪಿಗೆ 17 ಮಿಲಿಮೀಟರ್, 30 ಬಲ್ಬಿನದ್ದಕ್ಕೆ 33. ಕಿರೀಟ ಅಷ್ಟು ದಪ್ಪ ಆಗುವುದು ಬೇಡವಾದರೆ 60ರದ್ದನ್ನೇ ಕೊಳ್ಳಿ.

ಯಕ್ಷಗಾನದ ಕಿರೀಟ, ಭುಜಕೀರ್ತಿಗಳನ್ನು ಹತ್ತಿರದಿಂದ ನೋಡಿ. ಹಗುರ ಮರದ ಮೇಲೆ ಬೇಗಡೆ, ನಡುನಡುವೆ ಕನ್ನಡಿ. ದೊಂದಿ ಬೆಳಕಿನ ಆಟದಲ್ಲಿ ಒಂದು ಜ್ವಾಲೆಯನ್ನು ನೂರಾಗಿ ಒಡೆದು ತೋರಿಸಿದ್ದು ಅವೇ. ಅದೇ ಉಪಾಯ ಇಲ್ಲೂ ನಡೆಯುತ್ತದೆ: ಇಪ್ಪತ್ತು ಬಲ್ಬು ಬರಿದಾಗಿ ಹಾಕುವುದಕ್ಕಿಂತ ಎಂಟು ಬಲ್ಬನ್ನು ಬೇಗಡೆಯ ಸಣ್ಣ ಗುಳಿಯೊಳಗೆ ಕೂರಿಸಿದರೆ ಹೆಚ್ಚು ಹೊಳಪು, ಅರ್ಧಕ್ಕಿಂತ ಕಡಿಮೆ ಕರೆಂಟ್. ಚಿನ್ನದ ಬಣ್ಣಕ್ಕೆ ಬೆಚ್ಚನೆಯ ಬಿಳಿಯೇ ಬೇಕು. ತಣ್ಣನೆಯ ನೀಲಿಬಿಳಿ ಬಿದ್ದರೆ ಬೇಗಡೆ ತಗಡಿನಂತೆ ಕಾಣುತ್ತದೆ. ಒಂದು ಎಚ್ಚರ: ಬೇಗಡೆ ಲೋಹ. ಸ್ಟ್ರಿಪ್ಪಿನ ಕತ್ತರಿಸಿದ ತುದಿ ಅದಕ್ಕೆ ತಾಗಿದರೆ ಶಾರ್ಟ್. ತುದಿಗೆ ಮೊದಲು ಗ್ಲೂ, ಆಮೇಲೆ ಬೇಗಡೆ.

ಸೀರೆ, ಬ್ಲೌಸಿಗೆ ಹಾಕುವ ಪ್ಲಾಸ್ಟಿಕ್ ಕಲ್ಲುಗಳನ್ನು ಬಲ್ಬಿನ ಮುಂದೆ ಅಂಟಿಸುವವರು ಕಲ್ಲನ್ನು ಒಮ್ಮೆ ತಿರುಗಿಸಿ ನೋಡಿ. ಬೆನ್ನಿಗೆ ಬೆಳ್ಳಿ ಲೇಪ ಇದ್ದರೆ ಬೆಳಕು ದಾಟುವುದೇ ಇಲ್ಲ. ಬ್ಲೇಡಿನ ಬೆನ್ನಿನಿಂದ ಹೆರೆದು ತೆಗೆದ ಮೇಲೆ ಅದೇ ಕಲ್ಲು ಕೆಂಡದಂತೆ ಉರಿಯುತ್ತದೆ.

ಛದ್ಮವೇಷದ ಕಿರೀಟ, ಅಳತೆ ಸಮೇತ

ಬೇಕಾದ್ದು: 5 ಮಿಲಿಮೀಟರ್ ಫೋಮ್ ಒಂದು ಹಾಳೆ, 2 ಮೀಟರ್ 20 ಬಲ್ಬಿನ ಬೆಚ್ಚನೆ ಬಿಳಿ ಸರ, ಸ್ವಿಚ್ ಇರುವ ಮೂರು ಸೆಲ್ ಡಬ್ಬಿ, 1 ಮೀಟರ್ ಎರಡೆಳೆಯ ಮೆತ್ತನೆ ವೈರ್, ಹೀಟ್ ಶ್ರಿಂಕ್ ಕೊಳವೆ (ಬಿಸಿ ಮಾಡಿದರೆ ಕುಗ್ಗಿ ವೈರಿನ ಜೋಡಣೆಯನ್ನು ಬಿಗಿಯುವುದು), ಗ್ಲೂ ಗನ್.

ತಲೆಯ ಸುತ್ತಳತೆ 52 ಸೆಂಟಿಮೀಟರ್ ಇದ್ದರೆ ಪಟ್ಟಿ 55 ಇರಲಿ, ಅಗಲ 6. ಫೋಮಿನ ದಪ್ಪ ಒಳಸುತ್ತನ್ನು ತಿನ್ನುತ್ತದೆ. ಮುಂದಿನ ಎಲೆ 18 ಸೆಂಟಿಮೀಟರ್ ಎತ್ತರ ಸಾಕು, ಅದಕ್ಕಿಂತ ಎತ್ತರ ಹೋದರೆ ಮಗು ತಲೆ ಬಾಗಿಸಿದಾಗ ಮುಂದಕ್ಕೆ ಬೀಳುತ್ತದೆ. ಬಣ್ಣ, ಬೇಗಡೆ ಕೆಲಸ ಮುಗಿದ ಮೇಲೆ ಹಿಂದಿನಿಂದ ದಬ್ಬಣದಲ್ಲಿ 3 ಮಿಲಿಮೀಟರ್ ತೂತು ಮಾಡಿ, ಬಲ್ಬನ್ನು ಒಂದೊಂದಾಗಿ ಮುಂದಕ್ಕೆ ತಳ್ಳಿ, ಹಿಂದೆ ಒಂದು ಹನಿ ಗ್ಲೂ ಬಿಡಿ. ಸರವನ್ನು ಬಿಗಿಯಾಗಿ ಎಳೆಯಬೇಡಿ, ಎರಡು ತೂತಿನ ನಡುವೆ ಸ್ವಲ್ಪ ಸಡಿಲ ಇರಲಿ. ಸರದ ತಂತಿಗೆ ವೈರ್ ಬೆಸೆಯುವ ಮೊದಲು ಅದರ ಮೇಲಿನ ಕಾಣದ ಲೇಪವನ್ನು ಮರಳುಕಾಗದದಲ್ಲಿ ತಿಕ್ಕಿ ತೆಗೆಯಬೇಕು, ಇಲ್ಲದಿದ್ದರೆ ಸೋಲ್ಡರ್ ಕೂರುವುದಿಲ್ಲ, ಕೂತಂತೆ ಕಂಡರೂ ಕರೆಂಟ್ ಹರಿಯುವುದಿಲ್ಲ. ಸೋಲ್ಡರ್ ಇಲ್ಲದವರು ಊರಿನ ರೇಡಿಯೋ–ಟಿವಿ ರಿಪೇರಿಯವರ ಹತ್ತಿರ ಒಯ್ದರೆ ಐದು ನಿಮಿಷದ ಕೆಲಸ. ಒಳಮೈಗೆ ಹತ್ತಿ ಬಟ್ಟೆಯ ಪಟ್ಟಿ ಅಂಟಿಸಿ; ಬೆವರು ಹೀರುತ್ತದೆ, ಗ್ಲೂ ಹಣೆಗೆ ಚುಚ್ಚುವುದಿಲ್ಲ. ವೈರ್ ಕಿರೀಟದಿಂದ ಹೊರಡುವಲ್ಲಿ ಒಂದು ಗಂಟು ಹಾಕಿ ಫೋಮಿಗೆ ಹೊಲಿಯಿರಿ. ವೈರನ್ನು ಯಾರಾದರೂ ಎಳೆದರೆ ಆ ಜಗ್ಗುವಿಕೆ ಗಂಟಿಗೆ ಬೀಳಬೇಕು, ಬೆಸುಗೆಗೆ ಅಲ್ಲ.

ಎಲ್ಲಿ ಕೆಡುತ್ತದೆ, ಏಕೆ

ಎಲ್‌ಇಡಿ ಕೆಡುವುದು ಅಪರೂಪ, ಕೆಡುವುದು ಜೋಡಣೆ. ಸೋಲ್ಡರ್ ಹರಿದು ಗಟ್ಟಿಯಾದ ತುಂಡಿಗೂ ಮೆತ್ತನೆ ವೈರಿಗೂ ನಡುವಿನ ಗೆರೆಯಲ್ಲೇ ಅದು ತುಂಡಾಗುತ್ತದೆ. ಹೀಟ್ ಶ್ರಿಂಕ್ ಆ ಗೆರೆಯನ್ನು ದಾಟಿ ಎರಡು ಸೆಂಟಿಮೀಟರ್ ಮುಂದೆ ಹೋಗಲಿ. ಒಂಟಿ ಎಳೆಯ ಗಟ್ಟಿ ವೈರ್ ಬೇಡ, ಹಲವು ಎಳೆಯದ್ದೇ ಬೇಕು.

ಎರಡನೆಯದು ಉಪ್ಪು. ಬೆವರಿನ ಉಪ್ಪು, ಕಡಲ ಗಾಳಿಯ ಉಪ್ಪು, ಜೊತೆಗೆ ಡಿಸಿ ಕರೆಂಟ್ ಸೇರಿದರೆ ಪ್ಲಸ್ ಬದಿಯ ತಾಮ್ರ ಕರಗಿ ಹಸಿರು ಪುಡಿಯಾಗುತ್ತದೆ. ಒಂದು ರಾತ್ರಿಯ ಬೆವರು ಸಾಕು ಶುರುವಾಗಲು. ತೆರೆದಿರುವ ಪ್ರತಿ ಬೆಸುಗೆಗೂ ಎರಡು ಕೋಟ್ ಉಗುರುಬಣ್ಣ, ಒಣಗಿದ ಮೇಲೆ ಗ್ಲೂ. ಚೌತಿಯ ಮಳೆಯಲ್ಲಿ ಮೆರವಣಿಗೆ ಹೋಗುವುದಾದರೆ ಸಿಲಿಕಾನ್ ಮುಚ್ಚಿದ ಸ್ಟ್ರಿಪ್ ಕೊಳ್ಳಿ, ತೂಕ ಸ್ವಲ್ಪ ಹೆಚ್ಚು. ಅದಕ್ಕೆ ಗ್ಲೂ ಗನ್ ಹಿಡಿಯುವುದಿಲ್ಲ, ಹೊಲಿಯಬೇಕು. ಬ್ಯಾಟರಿಗೆ ಪ್ಲಾಸ್ಟಿಕ್ ಕೊಟ್ಟೆ ಕಟ್ಟಿ, ಬಾಯಿ ಕೆಳಗೆ ಇರಲಿ.

ಮೂರನೆಯದು ಕುಣಿತ. ಮಾರಿಕಾಂಬಾ ಜಾತ್ರೆ ಇಲ್ಲದ ವರ್ಷ ಹೋಳಿಯ ಹೊತ್ತಿಗೆ ಶಿರಸಿಯಲ್ಲಿ ಕುಣಿಯುವ ಬೇಡರ ವೇಷದ ರಭಸ ನೋಡಿದವರಿಗೆ ಗೊತ್ತು, ಅಂಥ ಹೆಜ್ಜೆಗೆ ಸ್ಪ್ರಿಂಗಿನ ಸೆಲ್ ಡಬ್ಬಿ ನಿಲ್ಲುವುದಿಲ್ಲ: ಪ್ರತಿ ನೆಗೆತಕ್ಕೂ ಸೆಲ್ ಸ್ಪ್ರಿಂಗಿನಿಂದ ಬಿಟ್ಟು ಲೈಟ್ ಕಣ್ಣು ಮುಚ್ಚುತ್ತದೆ. ಹುಲಿವೇಷದಂಥ ಕುಣಿತಕ್ಕೆ ಚಿಕ್ಕ ಪವರ್ ಬ್ಯಾಂಕ್, 5,000 ಎಂಎಎಚ್, ಸೊಂಟಕ್ಕೆ ಬಿಗಿಯಾಗಿ ಬಟ್ಟೆಯಲ್ಲಿ ಸುತ್ತಿ. ಯುಎಸ್‌ಬಿ ಪ್ಲಗ್ಗನ್ನು ಪವರ್ ಬ್ಯಾಂಕಿನ ಮೈಗೇ ಟೇಪ್ ಹಾಕಿ ಬಂಧಿಸಿ. ಕುಣಿಯುವವರಿಗೆ ಕೊರಳ ಸುತ್ತ ವೈರ್ ಬರಲೇಬಾರದು. ಬೆನ್ನ ಮಧ್ಯದಲ್ಲಿ ಎಳೆದರೆ ಬಿಟ್ಟುಕೊಳ್ಳುವ ಕನೆಕ್ಟರ್ ಒಂದಿರಲಿ, ಎಲ್ಲಾದರೂ ಸಿಕ್ಕಿಕೊಂಡರೆ ತಾನೇ ಕಳಚುತ್ತದೆ.

ಎಲ್ಲ ಕಟ್ಟಿದ ಮೇಲೆ ಲೈಟ್ ಹಾಕಿ ಒಂದು ಗಂಟೆ ಮೇಜಿನ ಮೇಲೆ ಬಿಡಿ. ಬ್ಯಾಟರಿ, ಬೆಸುಗೆ, ಸ್ಟ್ರಿಪ್ಪಿನ ಬೆನ್ನು ಮುಟ್ಟಿ ನೋಡಿ; ಕೈ ಇಟ್ಟುಕೊಳ್ಳಲಾಗದಷ್ಟು ಬಿಸಿ ಎಲ್ಲಿದ್ದರೂ ಅದು ಮೈಮೇಲೆ ಹೋಗಬಾರದು. ಆಮೇಲೆ ಹಾಕಿಸಿ, ಹತ್ತು ಸಲ ಬಾಗಿಸಿ, ಹತ್ತು ಸಲ ನೆಗೆಸಿ. ಕಾರ್ಯಕ್ರಮಕ್ಕೆ ಹೋಗುವಾಗ ಚೀಲದಲ್ಲಿ ಹೊಸ ಸೆಲ್ ಮೂರು, ಇನ್ಸುಲೇಷನ್ ಟೇಪ್, ನಾಲ್ಕು ಸೇಫ್ಟಿ ಪಿನ್. ಕಿರೀಟವನ್ನು ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಡಬೇಡಿ, ಗ್ಲೂ ಮೆತ್ತಗಾಗಿ ಬಲ್ಬುಗಳು ತೂತಿನಿಂದ ಹಿಂದೆ ಸರಿಯುತ್ತವೆ.

ಹಬ್ಬ ಮುಗಿದ ರಾತ್ರಿಯೇ ಸೆಲ್ ಹೊರಗೆ ತೆಗೆಯಿರಿ. ಒಳಗೇ ಉಳಿದರೆ ಸೋರಿ ಡಬ್ಬಿಯ ಸ್ಪ್ರಿಂಗ್ ತಿನ್ನುತ್ತದೆ. ಬೆವರು ತಾಗಿದ ಭಾಗವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಒಂದು ದಿನ ಫ್ಯಾನಿನ ಕೆಳಗೆ ಒಣಗಿಸಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಮುಚ್ಚಳ ಬಿಗಿಯಾಗುವ ಡಬ್ಬಿಯಲ್ಲಿಡಿ. ಬರಿದೇ ಅಟ್ಟಕ್ಕೆ ಹಾಕಿದರೆ ಮುಂದಿನ ಮಳೆಗಾಲಕ್ಕೆ ಬಟ್ಟೆಯ ಪಟ್ಟಿಯೂ ಬೆಂಡಿನ ಹೂವೂ ಬೂಸಲು ಹಿಡಿದಿರುತ್ತವೆ. ಪವರ್ ಬ್ಯಾಂಕನ್ನು ಅರ್ಧ ಚಾರ್ಜಿನಲ್ಲಿ ಎತ್ತಿಟ್ಟು, ಮೂರು ನಾಲ್ಕು ತಿಂಗಳಿಗೊಮ್ಮೆ ಒಂದಿಷ್ಟು ಚಾರ್ಜ್ ಕೊಡುತ್ತಿರಿ.